ಸಹಾಯ ಬೇಕು: ಹೊಸ ಹುಡುಗಿಯನ್ನು ಆಟಕ್ಕೆ ಸೇರಿಸೋದು ಹೇಗೆ?

3ನೇ ಕ್ಲಾಸಿಗೆ ವರ್ಷದ ಮಧ್ಯೆ ಸೇರಿದ ಹುಡುಗಿ. ಬಿಸಿಯೂಟಕ್ಕೆ ಜೊತೆಗಾತಿ ಸಿಕ್ಕಿದ್ದಾಳೆ, ಆಟಕ್ಕೆ ಬಿಟ್ಟರೆ ಮಾತ್ರ ಒಂಟಿ.

"ನಾನೂ ಬರ್ಲಾ?" ಅಂತ ನೇರವಾಗಿ ಕೇಳಿದರೆ "ಬೇಡ" ಅನ್ನೋದು ಮಕ್ಕಳಿಗೆ ಸುಲಭ. ಅದಕ್ಕೇ ಮೊದಲು ಪಕ್ಕ ನಿಂತು ನೋಡು, ದೂರ ಹೋದ ಚೆಂಡು ತಂದುಕೊಡು, ಒಂದು ಸುತ್ತು ಮುಗಿದ ಮೇಲೆ ಕೇಳು ಅಂತ ಅಭ್ಯಾಸ ಮಾಡಿಸಿದ್ದಾಯ್ತು. ಆದರೆ ಲಗೋರಿಗೆ ಎರಡು ಸಮ ತಂಡ ಬೇಕು. ಇವಳು ಬಂದರೆ ಲೆಕ್ಕ ತಪ್ಪುತ್ತೆ, ಚೆಂಡು ತರೋ ಕೆಲಸವೇ ಖಾಯಂ ಆಗ್ತಿದೆ. ಟೀಚರ್ ಹೇಳಿದರೆ ಸೇರಿಸಿಕೊಳ್ತಾರೆ, ಆ ಕಡೆ ತಿರುಗಿದ ಕೂಡಲೇ ಮತ್ತೆ ಹೊರಗೆ. ಪಾಪ, ಮಗು ಕುಗ್ಗಿಹೋಗ್ತಿದೆ.

ಚೌಕಾಬಾರ, ಕುಂಟೆಬಿಲ್ಲೆ ಆಡಿಸಿ ಮೊದಲು ಒಂದು ಗಟ್ಟಿ ಜೋಡಿ ಮಾಡಿ, ಆಮೇಲೆ ಇಬ್ಬರನ್ನೂ ಒಟ್ಟಿಗೆ ಗುಂಪಿಗೆ ಕಳಿಸಬೇಕಾ? ಅಥವಾ ದಿನಾ ಚೀಟಿ ಎತ್ತಿ ತಂಡ ಮಾಡಬೇಕಾ? ಮಾಡಿ ನೋಡಿದವರು ಹೇಳಿ, ಟೀಚರ್ ಇಲ್ಲದಾಗಲೂ ನಿಂತಿದ್ದು ಯಾವುದು?