ಕಟ್ಟೆಮನೆ ಬಳಗ: ಹಡಗು ನಿಲ್ಲೋ ಹತ್ತು ಗಂಟೇಲಿ ಸಫಾರಿ

ಸುಮಾ (ಭಾನುವಾರ, ಬೆಳಿಗ್ಗೆ 9:12)
[ಪಿಡಿಎಫ್: 6 ಪುಟ]
ಎಲ್ಲರೂ ಒಂದ್ಸಲ ನೋಡಿ. ಅಪ್ಪ-ಅಮ್ಮನ ಫೆಬ್ರವರಿ ಕ್ರೂಸ್ ಬುಕ್ ಆಗಿದೆ. ಕೇಪ್‌ಟೌನಲ್ಲಿ ಹತ್ತೋದು, ಆಮೇಲೆ ಗೆಬೆರಾ, ರಿಚರ್ಡ್ಸ್ ಬೇ, ಮೊಜಾಂಬಿಕ್‌ನ ಮಾಪುಟೊ, ಕೊನೆಗೆ ಡರ್ಬನ್‌ನಲ್ಲಿ ಇಳಿಯೋದು. ಇಬ್ಬರಿಗೂ ಇದು ಮೊದಲನೇ ಸಫಾರಿ. 3ನೇ ಪುಟದಲ್ಲಿರೋ ರಿಚರ್ಡ್ಸ್ ಬೇ "ಲಕ್ಷುರಿ ಡೇ ಸಫಾರಿ, ಬಿಗ್ ಫೈವ್ ಖಾತ್ರಿ" ಚೆನ್ನಾಗಿದೆ ಅನ್ನಿಸ್ತು. ಇವತ್ತು ರಾತ್ರಿಯೊಳಗೆ ಮುಂಗಡ ಕಟ್ಟಿದ್ರೆ ರಿಯಾಯಿತಿ ಅಂತೆ.

ಗಿರೀಶ 9:20
ಕಟ್ಟಬೇಡ ಸುಮಾ. "ಖಾತ್ರಿ" ಅಂತ ಬರೆದಿರೋದೇ ಮೊದಲನೇ ತಕರಾರು. ಬಿಗ್ ಫೈವ್ ಅಂದ್ರೆ ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕೇಪ್ ಎಮ್ಮೆ. ಮಟಮಟ ಮಧ್ಯಾಹ್ನ ಚಿರತೆ ತೋರಿಸ್ತೀನಿ ಅಂತ ಖಾತ್ರಿ ಕೊಡೋನು ಒಂದೋ ಬೇಲಿಯೊಳಗೆ ಸಾಕಿರೋದನ್ನ ತೋರಿಸ್ತಾನೆ, ಇಲ್ಲಾ ಸುಳ್ಳು ಹೇಳ್ತಾನೆ.

ಶ್ರೀಧರ 9:26
ಗಿರೀಶ, ಜಾಹೀರಾತು ಬರೆದೋನ ಮೇಲಿನ ಸಿಟ್ಟನ್ನ ಕಾಡಿನ ಮೇಲೆ ಯಾಕೆ ತೀರಿಸ್ಕೋತೀಯ? ರಿಚರ್ಡ್ಸ್ ಬೇಯಿಂದ ಹೋಗೋದು ಹ್ಲುಹ್ಲುವೆ-ಇಮ್ಫೊಲೋಜಿಗೆ. 1895ರಲ್ಲಿ ಘೋಷಣೆಯಾದ ಕಾಡು, ಆಫ್ರಿಕಾದ ತೀರಾ ಹಳೇ ರಕ್ಷಿತಾರಣ್ಯಗಳಲ್ಲೊಂದು. ದಕ್ಷಿಣದ ಬಿಳಿ ಘೇಂಡಾಮೃಗ ನೂರಕ್ಕೂ ಕಮ್ಮಿ ಆದಾಗ ಉಳಿದಿದ್ದು ಅಲ್ಲೇ. 1960ರ ದಶಕದಲ್ಲಿ ಅಲ್ಲಿನ ವಾರ್ಡನ್ ಇಯಾನ್ ಪ್ಲೇಯರ್ ಮತ್ತೆ ಅವರ ತಂಡ ಅಲ್ಲಿಂದಲೇ ಹಿಡಿದು ಬೇರೆ ಕಾಡುಗಳಿಗೆ ಕಳಿಸಿದ್ದು. ಮೊದಲನೇ ಸಫಾರಿಗೆ ಅದಕ್ಕಿಂತ ಒಳ್ಳೇ ಜಾಗ ಬೇಕಾ?

ಗಿರೀಶ 9:41
ಜಾಗ ಚಿನ್ನ ಮಾವ, ನನ್ನ ಜಗಳ ಗಡಿಯಾರದ ಜೊತೆ. ಲೆಕ್ಕ ಹಾಕಿ. ಹಡಗು 8ಕ್ಕೆ ಕಟ್ಟೆಗೆ. ಮೆಟ್ಟಿಲು ಇಳಿಸಿ, ಜನ ಇಳಿದು, ಬಸ್ ತುಂಬಿ ಬಂದರಿನ ಗೇಟ್ ದಾಟೋಹೊತ್ತಿಗೆ 9. ಕಾಡಿನ ನ್ಯಾಲಾಜಿ ಗೇಟಿಗೆ ಒಂದು ಗಂಟೆ ಮೇಲೆ. ಅಲ್ಲಿ ಚೀಟಿ, ಶೌಚಾಲಯ, ಬಸ್ಸಿಂದ ತೆರೆದ ಜೀಪಿಗೆ ಬದಲಾವಣೆ: ಪ್ರಾಣಿ ಹುಡುಕೋಕೆ ಶುರು ಮಾಡೋದು ಹತ್ತೂವರೆಗೆ. ಒಂದೂವರೆಗೆ ಊಟ, ಎರಡೂವರೆಗೆ ವಾಪಸ್. ಅಂದ್ರೆ ಸಿಂಹ ಪೊದೆ ಸೇರಿ ಮಲಗೋ ಹೊತ್ತಲ್ಲಿ ಸರಿಯಾಗಿ ಇವರು ಕಾಡೊಳಗೆ. ಮೇಲೆ ಫೆಬ್ರವರಿ ಅಲ್ಲಿ ಮಳೆಗಾಲ. ಸೆಕೆ, ಆಳುದ್ದ ಹುಲ್ಲು, ನೀರು ಎಲ್ಲೆಂದರಲ್ಲಿ ಸಿಗೋದ್ರಿಂದ ಪ್ರಾಣಿಗಳು ಚದುರಿಹೋಗಿರ್ತವೆ. ಜುಲೈ-ಆಗಸ್ಟ್ ಆಗಿದ್ರೆ ನಾನು ಬಾಯಿ ಬಿಡ್ತಿರಲಿಲ್ಲ. ಆದ್ರೆ ಕ್ರೂಸ್ ಹಡಗುಗಳು ಆ ಕಡೆ ಹೆಚ್ಚಾಗಿ ಬರೋದೇ ನವೆಂಬರ್‌ನಿಂದ ಏಪ್ರಿಲ್.

ಶ್ರೀಧರ 9:50
ಹುಲ್ಲಿನ ಮಾತು ಅರ್ಧ ಸತ್ಯ. ಬಿಳಿ ಘೇಂಡಾಮೃಗದ್ದು ಅಗಲ ಬಾಯಿ, ಗಿಡ್ಡ ಹುಲ್ಲು ಮೇಯೋ ಪ್ರಾಣಿ. ಮೇದು ಮೇದು ತಾನೇ ಹುಲ್ಲುಹಾಸು ಮಾಡ್ಕೊಂಡಿರತ್ತೆ, ಹ್ಲುಹ್ಲುವೆಯಲ್ಲಿ ಅಂಥ ಬಯಲು ಬೇಕಾದಷ್ಟಿವೆ. ಬಿಸಿಲೇರಿದ್ರೆ ಕೆಸರುಗುಂಡಿಗೆ ಬಂದು ಹೊರಳತ್ತೆ. ನೀನು ಬೈಯೋ ಮಧ್ಯಾಹ್ನದಲ್ಲೇ ಅದು ಸಿಗೋದು. ಗುಡ್ಡದ ಸೀಮೆ ಬೇರೆ, ರಸ್ತೆಯಿಂದ ಕಣಿವೆ ಪೂರ್ತಿ ಕಾಣತ್ತೆ.

ಗಿರೀಶ 9:53
ಘೇಂಡಾದ ಮಟ್ಟಿಗೆ ಒಪ್ಪಿದೆ. ಆದ್ರೆ ಒಂದು ವಿಷಯ ರಾಘವೇಂದ್ರ ಮಾವಂಗೆ ಮೊದಲೇ ಹೇಳಿಡಿ: ಬೇಟೆಗಾರರ ಕಾಟಕ್ಕೆ 2024ರಿಂದ ಅಲ್ಲಿ ಘೇಂಡಾಗಳ ಕೊಂಬು ಕತ್ತರಿಸ್ತಿದ್ದಾರೆ. ಕ್ಯಾಲೆಂಡರ್ ಚಿತ್ರದ ಹಾಗೆ ಉದ್ದ ಕೊಂಬು ನಿರೀಕ್ಷೆ ಮಾಡಿದ್ರೆ ನಿರಾಸೆ ಆಗತ್ತೆ.

ನಾಗರತ್ನ 9:58
ಪಾಪ. ಹೋಗ್ಲಿ, ಜೀವ ಉಳಿದ್ರೆ ಸಾಕು. ಗಿರೀಶ, ಹಾಗಾದ್ರೆ ನೀನು ಯಾವುದು ಹೇಳ್ತೀಯಪ್ಪ?

ಗಿರೀಶ 10:15
ಗೆಬೆರಾ ಅತ್ತೆ. ಹಳೇ ಹೆಸರು ಪೋರ್ಟ್ ಎಲಿಜಬೆತ್, ಕ್ರಿಕೆಟ್ ನೋಡೋ ಮಾವಂಗೆ ಆ ಹೆಸರೇ ಗೊತ್ತಿರತ್ತೆ. ಅಲ್ಲಿಂದ ಆಡ್ಡೊ ಆನೆ ರಾಷ್ಟ್ರೀಯ ಉದ್ಯಾನ. ಬಂದರು ಸಫಾರಿಗೆ ನನ್ನ ಸೂತ್ರ ಒಂದೇ: ಮಧ್ಯಾಹ್ನ ಯಾವ ಪ್ರಾಣಿಗೆ ನೀರು ಬೇಕೋ ಅದನ್ನ ನೋಡೋಕೆ ಹೋಗಬೇಕು. ಬಿಸಿಲು ಜೋರಾದಷ್ಟೂ ಆಡ್ಡೊ ಆನೆಗಳು ಹಿಂಡುಹಿಂಡಾಗಿ ನೀರಿನ ಹೊಂಡಕ್ಕೆ ಇಳಿತವೆ, ಹಪೂರ್ ಅನ್ನೋ ಹೊಂಡಕ್ಕೆ ಮುಖ್ಯವಾಗಿ. ಏಪ್ರಿಲ್‌ನಲ್ಲಿ ಕಬಿನಿ ಹಿನ್ನೀರಿಗೆ ಆನೆ ಸೇರೋದೂ ಇದೇ ಕಾರಣಕ್ಕೆ ತಾನೆ.

ಹೋಗೋ ಕ್ರಮ: 9ಕ್ಕೆ ಬಂದರು ಬಿಟ್ರೆ ಎನ್2 ಹೆದ್ದಾರಿಯಲ್ಲಿ ಕಾಲ್ಚೆಸ್ಟರ್ ಪಕ್ಕದ ದಕ್ಷಿಣ ಗೇಟು, ಮಟ್ಯೊಲ್ವೇನಿ, ಮುಕ್ಕಾಲು ಗಂಟೆ. ಅಲ್ಲಿಂದ ಒಳಗೊಳಗೇ ಉತ್ತರಕ್ಕೆ. ವೇಗದ ಮಿತಿ 40, ಆದ್ರೆ ನಿಂತು ನಿಂತು ಹೋಗೋದ್ರಿಂದ ಅಷ್ಟೂ ಬೀಳಲ್ಲ. 11ರಿಂದ ಒಂದು ಗಂಟೆವರೆಗೆ ಹೊಂಡಗಳ ಹತ್ತಿರ. ಊಟ ಮೇನ್ ಕ್ಯಾಂಪಲ್ಲಿ. ಅಲ್ಲೇ ನೆಲದೊಳಗೆ ತೋಡಿರೋ ಒಂದು ಅಡಗುತಾಣ ಇದೆ, ನೀರಿನ ಮಟ್ಟಕ್ಕೆ ಕಣ್ಣು ಬರತ್ತೆ, ನೆರಳೂ ಸಿಗತ್ತೆ. ಎರಡೂವರೆ-ಮುಕ್ಕಾಲಕ್ಕೆ ಹೊರಟರೆ ಸುಮಾರು 70 ಕಿ.ಮೀ., 4ರೊಳಗೆ ಬಂದರು. ಎಲ್ಲರೂ ಹಡಗು ಹತ್ತಿರಬೇಕಾದ ಹೊತ್ತು ಐದೂವರೆ. ಟಯರ್ ಪಂಕ್ಚರ್ ಆದ್ರೂ ಒಂದೂವರೆ ಗಂಟೆ ಕೈಲಿರತ್ತೆ.

ಶ್ರೀಧರ 10:24
ತಂಪು ದಿನ ಬಂದ್ರೆ? ಹಿಂದಿನ ರಾತ್ರಿ ಮಳೆ ಸುರಿದ್ರೆ?

ಗಿರೀಶ 10:27
ಆಗ ಹೊಂಡ ಖಾಲಿ, ನಿಜ. ಆನೆಗಳು ಸ್ಪೆಕ್‌ಬೂಮ್ ಪೊದೆಯೊಳಗೇ ಉಳಿತವೆ. (ಅತ್ತೆ, ನಿಮ್ಮ ಬಾಲ್ಕನಿಯಲ್ಲಿ ಜೇಡ್ ಗಿಡ ಅಂತ ನರ್ಸರಿಯವನು ಕೊಟ್ಟಿರೋದು ಇದೇ ಇರಬಹುದು, ಸಣ್ಣೆಲೆ ಕೆಂಪು ಕಾಂಡ ಇದೆಯಾ ನೋಡಿ. ಅಲ್ಲಿ ಅದು ಆನೆ ಊಟ.) ಪೊದೆ ದಟ್ಟ, ಕಾರಲ್ಲಿ ತಗ್ಗಿ ಕೂತ್ರೆ ಏನೂ ಕಾಣಲ್ಲ. ಹಾಗಾಗಿ ಎತ್ತರದ ಗಾಡಿನೇ ಕೇಳಬೇಕು.

ಶ್ರೀಧರ 10:36
ಆಡ್ಡೊದ ಇನ್ನೊಂದು ವಿಷಯ ನಾನೇ ಹೇಳ್ತೀನಿ, ಇವನು ಮರೀತಾನೆ. 1919-20ರಲ್ಲಿ ರೈತರ ದೂರಿಗೆ ಪ್ರಿಟೋರಿಯಸ್ ಅನ್ನೋ ಬೇಟೆಗಾರನ್ನ ಕರೆಸಿ ನೂರಕ್ಕೂ ಹೆಚ್ಚು ಆನೆ ಹೊಡೆಸಿದ್ರು. 1931ರಲ್ಲಿ ಉದ್ಯಾನ ಆದಾಗ ಉಳಿದಿದ್ದು 11. 1954ರಲ್ಲಿ ಟ್ರಾಮ್ ಹಳಿ, ಲಿಫ್ಟ್ ಕೇಬಲ್ ಹಾಕಿ ಬೇಲಿ ಕಟ್ಟಿದ ಮೇಲೆ ಸಂಖ್ಯೆ ಏರಿ ಈಗ 600 ದಾಟಿದೆ. ಅಷ್ಟು ಕಮ್ಮಿ ಆನೆಗಳಿಂದ ಬೆಳೆದಿದ್ದಕ್ಕೆ ಅಲ್ಲಿನ ಹೆಣ್ಣಾನೆಗಳಲ್ಲಿ ಬಹುಪಾಲಿಗೆ ದಂತ ಇಲ್ಲ. ಆಫ್ರಿಕಾದಲ್ಲಿ ಸಾಮಾನ್ಯವಾಗಿ ಹೆಣ್ಣಿಗೂ ದಂತ ಇರತ್ತೆ. ಅತ್ತಿಗೆ, ನೀವು ನೋಡಿದ್ರೆ "ಇದೇನು ನಮ್ಮ ದುಬಾರೆ ಆನೆ ಥರಾನೇ ಇದೆ" ಅಂತೀರಿ. ಕಿವಿ ನೋಡಿ ಆಮೇಲೆ.

ರಾಘವೇಂದ್ರ 10:40
ಸಿಂಹ ಇದೆಯೋ ಇಲ್ವೋ ಅಷ್ಟು ಹೇಳ್ರಪ್ಪ.

ಗಿರೀಶ 10:42
ಇದೆ ಮಾವ, 2003ರಲ್ಲಿ ತಂದು ಬಿಟ್ಟಿದ್ದು. ಬೆರಳೆಣಿಕೆಯಷ್ಟು. ಮಧ್ಯಾಹ್ನ ಸಿಕ್ಕರೆ ಅದೃಷ್ಟ, ಲೆಕ್ಕಕ್ಕೆ ಹಿಡೀಬೇಡಿ.

ಸುಮಾ 10:50
ಸರಿ, ಆದ್ರೆ ಆಡ್ಡೊ ಅಂದ್ರೆ ಸರ್ಕಾರಿ ಉದ್ಯಾನ ಅಲ್ವಾ ಭಾವ? ಲಕ್ಷುರಿ ಎಲ್ಲಿಂದ ಬರತ್ತೆ? 5ನೇ ಪುಟದಲ್ಲಿ ಪಕ್ಕದ ಖಾಸಗಿ ಮೀಸಲು ಕಾಡಿನ ಪ್ಯಾಕೇಜೂ ಇದೆ, ಶಾಂಪೇನ್ ಊಟ ಅಂತೆಲ್ಲಾ. ದುಡ್ಡು ಎರಡೂವರೆ ಪಟ್ಟು.

ಗಿರೀಶ 11:08
ಶಾಂಪೇನ್ ಬಿಡು, ಮಾವ ಮಜ್ಜಿಗೆ ಕೇಳ್ತಾರೆ. ಸಫಾರಿಯಲ್ಲಿ ದುಡ್ಡು ಕೊಡಬೇಕಾದ್ದು ನಾಲ್ಕಕ್ಕೆ: ಗಾಡಿಯಲ್ಲಿ ಎಷ್ಟು ಜನ, ರಸ್ತೆ ಬಿಟ್ಟು ಇಳಿಯೋ ಹಕ್ಕಿದೆಯಾ, ಹೆಜ್ಜೆ ಓದೋ ಟ್ರ್ಯಾಕರ್ ಇದ್ದಾನಾ, ಒಂದು ಪ್ರಾಣಿ ಹತ್ತಿರ ಎಷ್ಟು ಗಾಡಿ ಬಿಡ್ತಾರೆ. ರಾಷ್ಟ್ರೀಯ ಉದ್ಯಾನದಲ್ಲಿ ರಸ್ತೆ ಬಿಡೋ ಹಾಗಿಲ್ಲ. ಖಾಸಗಿ ಕಾಡಲ್ಲಿ ಬಿಡ್ತಾರೆ, ವೈರ್‌ಲೆಸ್‌ನಲ್ಲಿ ಮಾತಾಡ್ಕೊಂಡು ಎರಡು-ಮೂರು ಗಾಡಿಗಿಂತ ಹೆಚ್ಚು ಸೇರಿಸಲ್ಲ. ಆದ್ರೆ ಆ ಸೌಲಭ್ಯದ ಬೆಲೆ ಗೊತ್ತಾಗೋದು ಮುಂಜಾನೆ, ಮುಸ್ಸಂಜೆ. ನಡುಹಗಲಿನ ಮೂರು ಗಂಟೆಗೆ ಎರಡೂವರೆ ಪಟ್ಟು ಕೊಡೋದು ದಂಡ. ಅದೇ ದುಡ್ಡಲ್ಲಿ ಆಡ್ಡೊಗೆ ಇಬ್ಬರಿಗೇ ಒಂದು ಗಾಡಿ, ಒಬ್ಬ ಗೈಡ್ ಮಾಡ್ಕೋಬಹುದು.

ಹಂಚಿಕೊಂಡ ಗಾಡಿಯೇ ಆದ್ರೆ: ಮೂರು ಸಾಲು, ಸಾಲಿಗೆ ಮೂರು ಸೀಟು. ನಡುವಿನ ಸೀಟಿಗೆ ಕೂತೋರಿಗೆ ಎರಡೂ ಕಡೆ ಬೇರೆಯವರ ಮೊಣಕೈ. ಹಿಂದಿನ ಸಾಲು ಎತ್ತರ, ಚೆನ್ನಾಗಿ ಕಾಣತ್ತೆ, ಕುಲುಕಾಟವೂ ಅಲ್ಲೇ ಜಾಸ್ತಿ. ಮಾವನ ಸೊಂಟಕ್ಕೆ ನಡು ಸಾಲಿನ ಅಂಚಿನ ಸೀಟೇ ಸರಿ. ಹತ್ತೋಕೆ ಏಣಿಯೋ, ಗಾಡಿ ಪಕ್ಕದ ಕಬ್ಬಿಣದ ಮೆಟ್ಟಿಲೋ ಅಂತಲೂ ಕೇಳು. ಕೆಲವು ಗಾಡಿಯಲ್ಲಿ ಮೊದಲ ಮೆಟ್ಟಿಲೇ ಮಂಡಿ ಎತ್ತರ.

ಶ್ರೀಧರ 11:15
ಅದಕ್ಕೇ ಹೇಳೋದು, ಹಗಲು ಓಟ ಬಿಟ್ಟು ಖಾಸಗಿ ಲಾಡ್ಜಲ್ಲಿ ಒಂದು ರಾತ್ರಿ ಉಳೀಲಿ. ಗೆಬೆರಾದಲ್ಲಿ ಇಳಿಯೋದು, ಸಂಜೆ ಒಂದು ಡ್ರೈವ್, ಬೆಳಗಿನ ಜಾವ ಇನ್ನೊಂದು. ಮಧ್ಯಾಹ್ನ ವಿಮಾನದಲ್ಲಿ ಡರ್ಬನ್, ಅಲ್ಲಿಂದ ರಸ್ತೆಯಲ್ಲಿ ರಿಚರ್ಡ್ಸ್ ಬೇಗೆ ಹೋಗಿ ಹಡಗು ಹಿಡಿಯೋದು. ಪಟ್ಟಿ ಪ್ರಕಾರ ನಡುವೆ ಒಂದು ಪೂರ್ತಿ ದಿನ ಹಡಗು ಸಮುದ್ರದಲ್ಲೇ ಇರತ್ತಲ್ಲ.

ಗಿರೀಶ 11:29
ಕಾಗದದ ಮೇಲೆ ಸರಿ ಮಾವ. ಹಡಗು ಕಂಪನಿಯೇ ಮಾರೋ ಪ್ರವಾಸ ಆದ್ರೆ ಅದನ್ನೇ ಮಾಡಿಸಿ. ನಾವೇ ಬುಕ್ ಮಾಡೋದಾದ್ರೆ ಬೇಡ. ಕಂಪನಿ ಪ್ರವಾಸದವರು ತಡ ಆದ್ರೆ ಹಡಗು ಕಾಯತ್ತೆ, ಇಲ್ಲಾ ಅವರ ಖರ್ಚಲ್ಲಿ ಮುಂದಿನ ಬಂದರಿಗೆ ಸೇರಿಸ್ತಾರೆ. ಸ್ವಂತಕ್ಕೆ ಹೋದೋರಿಗೆ ಕಾಯಲ್ಲ. ಡರ್ಬನ್ ವಿಮಾನ ರದ್ದಾಗಿ ರಿಚರ್ಡ್ಸ್ ಬೇ ತಪ್ಪಿದ್ರೆ ಮುಂದಿನ ಬಂದರು ಮಾಪುಟೊ, ಬೇರೆ ದೇಶ. ಜೊತೆಗೆ ರಾತ್ರಿ ಹೊರಗೆ ಉಳಿಯೋದನ್ನ ಹಡಗಿಗೆ ಮೊದಲೇ ಬರೆದು ತಿಳಿಸಿ ಒಪ್ಪಿಗೆ ತಗೋಬೇಕು. ಕೆಲವು ಹಡಗಲ್ಲಿ ಪಾಸ್‌ಪೋರ್ಟ್ ಅವರೇ ಇಟ್ಕೋತಾರೆ, ಮರೆತು ಇಳಿದ್ರೆ ಮುಗೀತು.

ಇನ್ನೊಂದು ಅಪಾಯ ಗಾಳಿ. ಗೆಬೆರಾಗೆ ಗಾಳಿ ಊರು ಅಂತಲೇ ಹೆಸರು. ಗಾಳಿ ಜೋರಿದ್ರೆ ಕ್ಯಾಪ್ಟನ್ ಬಂದರಿಗೆ ಹೋಗದೇ ಮುಂದೆ ಹೊರಡ್ತಾನೆ. ಹಡಗಿನ ಪ್ರವಾಸದ ದುಡ್ಡು ವಾಪಸ್ ಬರತ್ತೆ. ಹೊರಗಿನವರ ಹತ್ತಿರ ಬುಕ್ ಮಾಡಿದ್ರೆ "ಹಡಗು ಬಂದರಿಗೆ ಬರದಿದ್ರೆ ಪೂರ್ತಿ ವಾಪಸ್" ಅನ್ನೋ ಸಾಲು ರಸೀದಿಯಲ್ಲೇ ಇರಬೇಕು, ಫೋನಲ್ಲಿ ಹೇಳಿದ್ದು ನಡೆಯಲ್ಲ.

ಸುಮಾ 11:33
ಯೆಲ್ಲೋ ಫೀವರ್ ಲಸಿಕೆ ಕಡ್ಡಾಯ ಅಂತ ಏಜೆಂಟ್ ಹೇಳಿದ. ವಿದ್ಯಕ್ಕಾ?

ವಿದ್ಯಾ 12:05
ದಕ್ಷಿಣ ಆಫ್ರಿಕಾ, ಮೊಜಾಂಬಿಕ್ ಎರಡರಲ್ಲೂ ಆ ರೋಗದ ಅಪಾಯ ಇಲ್ಲ. ಪ್ರಶ್ನೆ ಬರೋದು ವಿಮಾನ ಯಾವ ದಾರಿ ಅನ್ನೋದ್ರಿಂದ. ನೈರೋಬಿ ಅಥವಾ ಅಡಿಸ್ ಅಬಾಬಾ ಮೇಲೆ ಹೋಗಿ ಅಲ್ಲಿ 12 ಗಂಟೆಗಿಂತ ಹೆಚ್ಚು ನಿಂತರೆ ದಕ್ಷಿಣ ಆಫ್ರಿಕಾ ಪ್ರಮಾಣಪತ್ರ ಕೇಳತ್ತೆ. ದುಬೈ, ದೋಹಾ ಮೇಲೆ ಹೋದ್ರೆ ಕೇಳಲ್ಲ. ದೊಡ್ಡಪ್ಪ, ದೊಡ್ಡಮ್ಮ ಇಬ್ಬರಿಗೂ 60 ದಾಟಿದೆ. ಆ ವಯಸ್ಸಲ್ಲಿ ಮೊದಲ ಸಲ ಆ ಲಸಿಕೆ ಹಾಕಿಸ್ಕೊಂಡ್ರೆ ಗಂಭೀರ ಅಡ್ಡಪರಿಣಾಮದ ಸಾಧ್ಯತೆ ಹೆಚ್ಚು. ಅಗತ್ಯ ಇಲ್ಲದೇ "ಇರಲಿ ಬಿಡು" ಅಂತ ಹಾಕಿಸೋದು ತಪ್ಪು. ಟಿಕೆಟ್ ಗಲ್ಫ್ ಕಡೆಯಿಂದ ತಗೊಳ್ಳಿ, ಮುಗೀತು. ಹಾಕಿಸಲೇಬೇಕಾದ್ರೆ ಪ್ರಮಾಣಪತ್ರಕ್ಕೆ ಬೆಲೆ ಬರೋದು 10 ದಿನ ಕಳೆದ ಮೇಲೆ.

ಮಲೇರಿಯಾ ಬೇರೆ. ಆಡ್ಡೊ ಕಡೆ ಇಲ್ಲ. ಹ್ಲುಹ್ಲುವೆಯಲ್ಲಿ ಕಮ್ಮಿ, ಆದ್ರೆ ಇದೆ. ಮಾಪುಟೊದಲ್ಲಿ ಇದೆ. ಆ ಸೊಳ್ಳೆ ಕಚ್ಚೋದು ಮುಸ್ಸಂಜೆಯಿಂದ ಬೆಳಗಿನವರೆಗೆ, ಹಾಗಾಗಿ ಹಗಲು ಇಳಿದು ಸಂಜೆಯೊಳಗೆ ಹಡಗು ಹತ್ತೋರಿಗೂ ರಾತ್ರಿ ಉಳಿಯೋರಿಗೂ ಲೆಕ್ಕ ಒಂದೇ ಅಲ್ಲ. ಅಟೊವಾಕ್ವೋನ್-ಪ್ರೊಗ್ವಾನಿಲ್ ಮಾತ್ರೆ ಆದ್ರೆ ಹೋಗೋಕೆ 1-2 ದಿನ ಮುಂಚೆ ಶುರು, ಬಿಟ್ಟು ಬಂದ ಮೇಲೂ 7 ದಿನ, ಜಿಡ್ಡಿರೋ ಊಟದ ಜೊತೆ. ಡಾಕ್ಸಿಸೈಕ್ಲಿನ್ ಅಗ್ಗ, ಆದ್ರೆ ವಾಪಸಾದ ಮೇಲೆ 4 ವಾರ ನುಂಗಬೇಕು, ಬಿಸಿಲಿಗೆ ಚರ್ಮ ಸುಡತ್ತೆ. ಸಫಾರಿಗೆ ಹೋಗೋರಿಗೆ ಅದು ಕಿರಿಕಿರಿ. ದೊಡ್ಡಪ್ಪನ ಈಗಿನ ಮಾತ್ರೆಗಳ ಪಟ್ಟಿ ನನಗೆ ಬೇರೆ ಕಳಿಸಿ, ನೋಡದೇ ಯಾವುದೂ ತಗೋಬೇಡಿ.

ಗಿರೀಶ 12:14
ಸುಮಾ, ವೀಸಾ ನೋಡಿದೆಯಾ? ಮಾಪುಟೊಗೆ ಹೋಗಿ ಡರ್ಬನ್‌ಗೆ ವಾಪಸ್ ಬರೋದು ಅಂದ್ರೆ ದಕ್ಷಿಣ ಆಫ್ರಿಕಾಗೆ ಎರಡನೇ ಪ್ರವೇಶ. ಸಿಂಗಲ್ ಎಂಟ್ರಿ ವೀಸಾ ಇದ್ರೆ ಕೇಪ್‌ಟೌನಲ್ಲಿ ಹಡಗು ಹತ್ತಿಸೋಕೇ ತಕರಾರು ಮಾಡ್ತಾರೆ. ಅರ್ಜಿಯಲ್ಲೇ ಮಲ್ಟಿಪಲ್ ಅಂತ ಬರೆದು ಹಡಗಿನ ಪೂರ್ತಿ ಪಟ್ಟಿ ಲಗತ್ತಿಸು. ಮೊಜಾಂಬಿಕ್ ವೀಸಾ ಬಗ್ಗೆ ಹಡಗಿನವರಿಂದ ಬರಹದಲ್ಲಿ ಉತ್ತರ ತರಿಸ್ಕೋ.

ಸುಮಾ 12:16
ಸಿಂಗಲ್ ಅಂತಲೇ ತುಂಬಿದ್ದೆ. ಇನ್ನೂ ಕೊಟ್ಟಿಲ್ಲ, ಪುಣ್ಯ.

ಶ್ರೀಧರ 12:31
ವಾಪಸ್ ಡರ್ಬನ್‌ಗೇ ಬರೋದಾದ್ರೆ ಇಷ್ಟು ಒದ್ದಾಟ ಯಾಕೆ? ಡರ್ಬನ್‌ನಲ್ಲಿ ಇಳಿದ ಮೇಲೆ ಎರಡು ರಾತ್ರಿ ಹ್ಲುಹ್ಲುವೆ. ಕಾರಲ್ಲಿ ಮೂರೂವರೆ ಗಂಟೆ. ಹಡಗಿನ ಗಡಿಯಾರ ಇಲ್ಲ, ಬೆಳಗ್ಗೆ-ಸಂಜೆ ಡ್ರೈವ್, ಸಿಂಹ ಕೇಳೋ ಅಣ್ಣಂಗೂ ಅವಕಾಶ.

ಗಿರೀಶ 12:34
ಇದನ್ನ ಬೆಳಿಗ್ಗೆ ಒಂಬತ್ತೂವರೆಗೇ ಹೇಳಿದ್ರೆ ನಾನು ಇಷ್ಟು ಟೈಪ್ ಮಾಡ್ತಿರಲಿಲ್ಲ ಮಾವ! ಹಾಗಾದ್ರೆ ಗೆಬೆರಾದಲ್ಲಿ ಆಡ್ಡೊ. ರಿಚರ್ಡ್ಸ್ ಬೇಯಲ್ಲಿ ಸೇಂಟ್ ಲೂಸಿಯಾ ಅಳಿವೆಯ ದೋಣಿ: ಒಂದು ಗಂಟೆ ದಾರಿ, ಎರಡು ಗಂಟೆ ದೋಣಿ, ನೀರಾನೆ ಹಗಲೆಲ್ಲಾ ನೀರಲ್ಲೇ ಬಿದ್ದಿರೋದ್ರಿಂದ ಮಧ್ಯಾಹ್ನಕ್ಕೂ ತಕರಾರಿಲ್ಲ, ಮೊಸಳೆ ಬೋನಸ್ಸು. ಲಕ್ಷುರಿ ದುಡ್ಡು ಪೂರ್ತಿ ಕೊನೇ ಎರಡು ರಾತ್ರಿಗೆ.

ವಿದ್ಯಾ 12:36
ಆಗ ಮಲೇರಿಯಾ ಮಾತ್ರೆ ಖಂಡಿತ ಮಾತಾಡಬೇಕು. ರಾತ್ರಿ ಉಳಿಯೋದು ಅಂದ್ರಲ್ಲ.

ನಾಗರತ್ನ 12:44
ಆಡ್ಡೊಗೆ ದಾರಿಗೆ ಅಂತ ಹಡಗಿಂದ ಎರಡು ಕಿತ್ತಳೆ ತಗೊಂಡು ಹೋಗಬಹುದಾ? ಇವರಿಗೆ ಹಸಿವು ತಡಿಯಲ್ಲ.

ಗಿರೀಶ 12:49
ಅದೊಂದು ಮಾತ್ರ ಬೇಡ ಅತ್ತೆ! ಹಡಗಿಂದ ಹಣ್ಣು ಇಳಿಸೋಕೇ ಬಿಡಲ್ಲ. ಆಡ್ಡೊದಲ್ಲಂತೂ ಕಿತ್ತಳೆ-ನಿಂಬೆ ಜಾತಿ ಒಳಗೆ ಒಯ್ಯೋದೇ ನಿಷೇಧ. ಹಿಂದೆ ಆನೆಗಳು ಉದ್ಯಾನ ಬಿಟ್ಟು ಹೋಗದಿರಲಿ ಅಂತ ಕಿತ್ತಳೆ ಸುರಿದು ಅಭ್ಯಾಸ ಮಾಡಿಸಿದ್ರು, ವಾಸನೆಗೆ ಗಾಡಿ ಹತ್ತಿರ ಬರೋಕೆ ಶುರುವಾಯ್ತು. ಪೊಟ್ಟಣದ ಬಿಸ್ಕತ್ತು ಇಟ್ಕೊಳ್ಳಿ. ಲಾಡ್ಜಿಗೆ "ಸಸ್ಯಾಹಾರ, ಮೊಟ್ಟೆ-ಮೀನು ಇಲ್ಲ" ಅಂತ ಬುಕಿಂಗ್ ದಿನವೇ ಬರೆಸಿ. ಬರೀ ವೆಜ್ ಅಂದ್ರೆ ಮೀನು ತಂದಿಡೋರೂ ಇದ್ದಾರೆ.

ಶ್ರೀಧರ 12:55
ಅಣ್ಣಂಗೆ 8x42 ದುರ್ಬೀನು ಸಾಕು, ಅದಕ್ಕಿಂತ ದೊಡ್ಡದು ಕೈ ನಡುಗಿದ್ರೆ ಏನೂ ಕಾಣಲ್ಲ. ಗಾಡಿಯಲ್ಲಿ ಎದ್ದು ನಿಲ್ಲಬಾರದು ಅಂತ ಈಗಲೇ ಹೇಳಿಡಿ. ಕೂತಿರೋವರೆಗೂ ಪ್ರಾಣಿಗೆ ಗಾಡಿ ಒಂದೇ ಆಕಾರ, ನಿಂತ ಕೂಡಲೇ ಮನುಷ್ಯ ಬೇರೆಯಾಗಿ ಕಾಣ್ತಾನೆ. ಘೇಂಡಾ ಫೋಟೊ ಗುಂಪಿಗೆ ಹಾಕೋ ಮುಂಚೆ, ಬೇಟೆಗಾರರಿಗೆ ಜಾಗ ಗೊತ್ತಾಗದ ಹಾಗೆ, ಫೋನಲ್ಲಿ ಲೊಕೇಶನ್ ಆಫ್ ಮಾಡಿಸು ಸುಮಾ.

ರಾಘವೇಂದ್ರ 1:02
ಚಾರ್ಜರ್ ಪಿನ್ನು ಹೊಂದತ್ತಾ?

ಗಿರೀಶ 1:04
ಅಲ್ಲಿನ ಹಳೇ ಸಾಕೆಟ್ಟು ದಪ್ಪ ಮೂರು ಪಿನ್ನಿಂದು ಮಾವ, ನಮ್ಮ ಗೀಸರ್ ಪ್ಲಗ್ ಇದೆಯಲ್ಲ, ಅದೇ ಅಳತೆ. ದೊಡ್ಡ ಪಿನ್ನಿನ ಒಂದು ಎಕ್ಸ್‌ಟೆನ್ಶನ್ ಬಾಕ್ಸ್ ಒಯ್ದರೆ ಲಾಡ್ಜಲ್ಲಿ ನಿಮ್ಮಿಬ್ಬರ ಫೋನೂ ಕ್ಯಾಮೆರಾನೂ ಒಟ್ಟಿಗೆ. ಹಡಗಲ್ಲಿ ಮಾತ್ರ ಅದನ್ನ ಹಾಕಬೇಡಿ, ಬೆಂಕಿ ಭಯಕ್ಕೆ ಎಕ್ಸ್‌ಟೆನ್ಶನ್ ಬಾಕ್ಸ್ ಕಿತ್ತಿಟ್ಕೋತಾರೆ.

ನಾಗರತ್ನ 1:06
ಸುಮಾ, ಗೀಸರ್ ಪ್ಲಗ್ಗಿನ ಬಾಕ್ಸು ಅಟ್ಟದ ಮೇಲೆ ನೀಲಿ ಟ್ರಂಕಲ್ಲಿದೆ, ಬಂದಾಗ ಇಳಿಸಿಕೊಡು.