ಕಡಿಮೆ ಹಾರಿದ ಹಳೆಯ ಸೆಸ್ನಾ: ನಾಲ್ವರು ಸೇರಿ ಕೊಳ್ಳಬಹುದೇ?

ಸಾಧನಕೇರಿ:
ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ-ಧಾರವಾಡದ ನಾವು ನಾಲ್ವರು ಗೆಳೆಯರು ಖಾಸಗಿ ಪೈಲಟ್ ಪರವಾನಗಿ ಹೊಂದಿದ್ದು, ಸಮಪಾಲಿನಲ್ಲಿ ಒಂದು ಸೆಸ್ನಾ 172 ಎಂಬ ನಾಲ್ಕು ಆಸನದ ಸಣ್ಣ ವಿಮಾನ ಕೊಳ್ಳಬೇಕೆಂದಿದ್ದೇವೆ. ಅದು 1979ರ ಎನ್ ಮಾದರಿ, ಭಾರತದಲ್ಲಿಯೇ ನೋಂದಣಿಯಾಗಿದೆ. ಕಳೆದ ನಾಲ್ಕು ವರ್ಷಗಳಿಂದ ಕರಾವಳಿಯ ಒಂದು ಹ್ಯಾಂಗರ್‌ನಲ್ಲಿ ನಿಂತಿದೆ. ಎಂಜಿನ್ ಓವರ್‌ಹಾಲ್ (ಪೂರ್ತಿ ಬಿಚ್ಚಿ ಹೊಸದಾಗಿ ಜೋಡಿಸುವುದು) ಆಗಿ ಹದಿಮೂರು ವರ್ಷವಾಗಿದ್ದರೂ ಓಡಿರುವುದು 620 ಗಂಟೆ ಮಾತ್ರ, ಆದ್ದರಿಂದ ಇನ್ನೂ 1,380 ಗಂಟೆ ನಿಶ್ಚಿಂತೆ ಎಂಬುದು ಮಾರುವವರ ಮಾತು. ಮುಂಗಡ ಕೊಡುವ ಮೊದಲು ನಾವು ಏನನ್ನು ನೋಡಬೇಕು?

ಗೋಕುಲ ರಸ್ತೆ:
ವಿಮಾನ ನಿರ್ವಹಣೆಯಲ್ಲಿ ಬಹುಕಾಲ ದುಡಿದವನಾಗಿ ಹೇಳುತ್ತೇನೆ, ಆ 1,380 ಗಂಟೆಯ ಲೆಕ್ಕವನ್ನು ದಯವಿಟ್ಟು ನಂಬಬೇಡಿ. ಎಂಜಿನ್ ತಯಾರಿಸಿದ ಲೈಕಮಿಂಗ್ ಕಂಪನಿಯು ಒಂದು ಓವರ್‌ಹಾಲ್‌ನಿಂದ ಇನ್ನೊಂದಕ್ಕೆ 2,000 ಗಂಟೆಯ ಜೊತೆಗೆ ಹನ್ನೆರಡು ವರ್ಷದ ಮಿತಿಯನ್ನೂ ಸೂಚಿಸುತ್ತದೆ. ಎರಡರಲ್ಲಿ ಯಾವುದು ಮೊದಲು ಮುಗಿಯುವುದೋ ಅದೇ ಗಡುವು. ನಿಮ್ಮದು ಆಗಲೇ ಮುಗಿದಿದೆ.

ನಿಂತ ಎಂಜಿನ್ ಓಡಿದ ಎಂಜಿನ್‌ಗಿಂತ ಬೇಗ ಕೆಡುತ್ತದೆ. ಲೈಕಮಿಂಗ್‌ನಲ್ಲಿ ಕ್ಯಾಮ್‌ಶಾಫ್ಟ್ (ಕವಾಟಗಳನ್ನು ತೆರೆಯುವ ಉಬ್ಬುಗಳಿರುವ ದಂಡ) ಪ್ರೊಪೆಲ್ಲರ್ ತಿರುಗಿಸುವ ಕ್ರ್ಯಾಂಕ್‌ಶಾಫ್ಟಿನ ಮೇಲ್ಭಾಗದಲ್ಲಿರುತ್ತದೆ. ವಿಮಾನ ನಿಂತಷ್ಟು ಕಾಲ ಎಣ್ಣೆಯೆಲ್ಲ ಕೆಳಗಿಳಿದು, ಅದರ ಮೈ ಒಣಗಿ, ಕರಾವಳಿಯ ತೇವಕ್ಕೆ ತುಕ್ಕು ಹಿಡಿಯುತ್ತದೆ. ಮತ್ತೆ ಓಡಿಸಿದಾಗ ಆ ತುಕ್ಕಿನ ಜಾಗದಲ್ಲಿ ಉಕ್ಕು ಸವೆದು ಚೂರು ಎಣ್ಣೆಗೆ ಸೇರುತ್ತದೆ. ಎನ್ ಮಾದರಿಯಲ್ಲಿ ಬರುವ ಓ-320-ಎಚ್2ಎಡಿ ಎಂಜಿನ್ ಕ್ಯಾಮ್ ಮತ್ತು ಅದಕ್ಕೆ ತಾಗಿ ಚಲಿಸುವ ಟ್ಯಾಪೆಟ್‌ಗಳ ಸವೆತಕ್ಕೆ ಹೆಸರಾದದ್ದು. 1981ರ ಪಿ ಮಾದರಿಯಿಂದ ಬೇರೆ ಎಂಜಿನ್ ಹಾಕಿದರು. ನಿಮ್ಮ ಎಚ್2ಎಡಿಯಲ್ಲಿ ಇಂಧನಕ್ಕೆ ಕಿಡಿ ಹೊತ್ತಿಸುವ ಎರಡೂ ಮ್ಯಾಗ್ನೆಟೋಗಳು ಒಂದೇ ಶಾಫ್ಟಿನಿಂದ ತಿರುಗುವುದನ್ನೂ ನೆನಪಿಡಿ, ಅದು ಕೆಟ್ಟರೆ ಎರಡೂ ನಿಲ್ಲುತ್ತವೆ.

ಸಿಲಿಂಡರುಗಳು ಒತ್ತಡ ಹಿಡಿದಿಡುತ್ತವೆಯೇ ಎಂದು ನೋಡುವ ಕಂಪ್ರೆಶನ್ ಪರೀಕ್ಷೆ ಚೆನ್ನಾಗಿ ಬಂದರೆ ಸಮಾಧಾನಪಡಬೇಡಿ, ಏಕೆಂದರೆ ಕ್ಯಾಮ್‌ನ ಸ್ಥಿತಿಯನ್ನು ಅದು ತೋರಿಸುವುದಿಲ್ಲ. ಒಂದು ಸಿಲಿಂಡರ್ ಬಿಚ್ಚಿಸಿ ಕ್ಯಾಮ್ ಅನ್ನು ಕಣ್ಣಾರೆ ನೋಡಿ. ಆಯಿಲ್ ಫಿಲ್ಟರ್ ಕತ್ತರಿಸಿ ಲೋಹದ ಚೂರು ಹುಡುಕಿ. ಪರೀಕ್ಷಿಸುವ ಎಂಜಿನಿಯರ್ ನಿಮ್ಮ ಕಡೆಯವರಾಗಿರಲಿ, ಮಾರುವವರ ಕಡೆಯವರಾಗಿರಬಾರದು. ಲಾಗ್‌ಬುಕ್ಕಿನ ಮೊದಲ ಪುಟದಿಂದ ಓದಿ, ಪ್ರೊಪೆಲ್ಲರ್ ಎಲ್ಲಿಯಾದರೂ ನೆಲಕ್ಕೆ ಬಡಿದಿದೆಯೇ, ಹಾರಾಟಕ್ಕೆ ಯೋಗ್ಯವೆಂದು ತೋರಿಸುವ ಏರ್‌ವರ್ದಿನೆಸ್ ರಿವ್ಯೂ ಪ್ರಮಾಣಪತ್ರ ಯಾವಾಗ ಮುಗಿದಿದೆ ಎಂಬುದನ್ನು ಬರೆದಿಟ್ಟುಕೊಳ್ಳಿ.

ಬೆಟಗೇರಿ:
ಹಿಂದೆ ಬೇರೆ ರಾಜ್ಯದಲ್ಲಿ ಮೂವರು ಸೇರಿ ವಿಮಾನ ಇಟ್ಟುಕೊಂಡಿದ್ದೆವು. ಖರ್ಚನ್ನೆಲ್ಲ ಮೂರು ಪಾಲು ಮಾಡಿದ್ದೇ ನಮ್ಮ ತಪ್ಪು, ಏಕೆಂದರೆ ವರ್ಷಕ್ಕೆ ಹತ್ತು ಗಂಟೆ ಹಾರಿದವರೂ ಎಂಬತ್ತು ಗಂಟೆ ಹಾರಿದವರೂ ಒಂದೇ ಮೊತ್ತ ಕೊಡಬೇಕಾಯಿತು. ಕೊನೆಗೆ ಸ್ನೇಹವೇ ಮುರಿಯಿತು. ವಿಮೆ, ಹ್ಯಾಂಗರ್ ಬಾಡಿಗೆ, ವಾರ್ಷಿಕ ತಪಾಸಣೆ ಸಮಪಾಲಾಗಿರಲಿ. ಇಂಧನ, ಎಣ್ಣೆ ಮತ್ತು ಓವರ್‌ಹಾಲ್ ನಿಧಿ ಹಾರಿದ ಗಂಟೆಗೆ ತಕ್ಕಂತೆ ಇರಲಿ. ಪಾಲು ಬಿಟ್ಟು ಹೋಗುವವರಿಗೆ ಬೆಲೆ ಕಟ್ಟುವ ಬಗೆಯನ್ನು ಈಗಲೇ ಕರಾರಿನಲ್ಲಿ ಬರೆಯಿರಿ. ಖಾಸಗಿ ವಿಭಾಗದ ವಿಮಾನದಲ್ಲಿ ಹಣ ಪಡೆದು ಯಾರನ್ನೂ ಕೂರಿಸುವಂತಿಲ್ಲ ಎಂಬುದನ್ನೂ ಅದರಲ್ಲಿ ಸೇರಿಸಿ.

ಇನ್ನೊಂದು ಮಾತು. ನಾಲ್ವರ ತೂಕವೇ 300 ಕಿಲೋ, ತುಂಬಿದ ಟ್ಯಾಂಕಿನ ಇಂಧನ 110 ಕಿಲೋ ಆಗುತ್ತದೆ. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ಬಿಸಿಲಿನಲ್ಲಿ ಗಾಳಿ ಇನ್ನೂ ತೆಳುವಾಗಿ ಎಂಜಿನ್‌ನ 160 ಅಶ್ವಶಕ್ತಿಯೂ ಪೂರ್ತಿ ಸಿಗುವುದಿಲ್ಲ. ನಾಲ್ವರೂ ಒಟ್ಟಿಗೆ ಹಾರುವ ಆಸೆಯಿದ್ದರೆ ಟ್ಯಾಂಕನ್ನು ಅರ್ಧಕ್ಕೆ ಇಳಿಸಿ ಲೆಕ್ಕ ಹಾಕಿ.

ಸಾಧನಕೇರಿ:
ಇಬ್ಬರಿಗೂ ಧನ್ಯವಾದಗಳು. ಓವರ್‌ಹಾಲ್ ಖರ್ಚನ್ನು ಪೂರ್ತಿ ಕಳೆದೇ ಬೆಲೆ ಹೇಳುತ್ತೇವೆ. ಇಂಧನದ ಗತಿ ಹೇಗೆ?

ಗೋಕುಲ ರಸ್ತೆ:
ದೊಡ್ಡ ಜೆಟ್ ವಿಮಾನಗಳಿಗೆ ತುಂಬುವ ಎಟಿಎಫ್ (ಸೀಮೆಎಣ್ಣೆಯಂಥ ಇಂಧನ) ನಿಮ್ಮ ಪೆಟ್ರೋಲ್ ಎಂಜಿನ್‌ಗೆ ಆಗದು; ಆವ್‌ಗ್ಯಾಸ್ 100 ಎಲ್ಎಲ್ ಎಂಬ ವಿಮಾನದ ಪೆಟ್ರೋಲ್ ಬೇಕು. 2022ರಿಂದ ಇಂಡಿಯನ್ ಆಯಿಲ್ ಅದನ್ನು ದೇಶದಲ್ಲಿಯೇ ತಯಾರಿಸುತ್ತಿದೆ. ಗಂಟೆಗೆ ಮೂವತ್ತು ಲೀಟರಿಗೂ ಹೆಚ್ಚು ಹಿಡಿಯಿರಿ. ಹುಬ್ಬಳ್ಳಿ ನಿಲ್ದಾಣದಿಂದ ನಿಲುಗಡೆ ಜಾಗಕ್ಕೂ ಸರಬರಾಜುದಾರರಿಂದ ಆವ್‌ಗ್ಯಾಸ್‌ಗೂ ಲಿಖಿತ ಒಪ್ಪಿಗೆ ಬರುವವರೆಗೆ, ಮತ್ತು ಆ ಸಿಲಿಂಡರ್ ಬಿಚ್ಚಿಸಲು ಮಾರುವವರು ಒಪ್ಪುವವರೆಗೆ, ಮುಂಗಡ ಕೊಡಬೇಡಿ.