ಭಂಗಿ ಸುದ್ದಿ, ಗೌರಿಯ ಗೊಟ್ಟ

ಶ್ರೀಪಾದ ಚಿಕ್ಕಪ್ಪ: 🌿 ಮಲೆನಾಡಿನ ರೈತರಿಗೆ ಸಿಹಿಸುದ್ದಿ!! ನಾಟಿ ಗಾಂಜಾ ತಳಿ ಬೆಳೆಯಲು ಸರ್ಕಾರದ ಒಪ್ಪಿಗೆ. ಕೇರಳದ ಇಡುಕ್ಕಿ ಗೋಲ್ಡ್‌ಗಿಂತ ನಮ್ಮದೇ ಮೇಲು. ಎಲ್ಲ ಗುಂಪಿಗೂ ಕಳಿಸಿ.

ಶ್ರೀಪಾದ ಚಿಕ್ಕಪ್ಪ: ಎಲೆಚುಕ್ಕಿ ರೋಗ ಬಂದು ತೋಟ ಹಾಳಾಗಿದೆ. ಇದಾದರೂ ನಿಜವಾಗಲಿ.

ವಿದ್ಯಾ: ಚಿಕ್ಕಪ್ಪ, ಯಾವ ಆದೇಶ? ನಂಬರಿಲ್ಲ, ತಾರೀಕಿಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತು ತಡೆ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಈ ಗಿಡ ಬೆಳೆದರೆ 10 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಉತ್ತರಾಖಂಡದಲ್ಲಿ ಲೈಸೆನ್ಸ್ ಕೊಡುವುದು ಇದೇ ಗಿಡದ ನಾರಿನ ತಳಿಗೆ. ಅದರಲ್ಲಿ ಅಮಲಿನ ಅಂಶ ಶೇ 0.3 ದಾಟಬಾರದು. ಯಾರೋ ಅದನ್ನೇ ತಿರುಚಿರಬೇಕು.

ದೊಡ್ಡಪ್ಪ: ಮನೆ ಗುಂಪಿನಲ್ಲಿ ಗಾಂಜಾ ಮಾತು ಬೇಡ. ಮಕ್ಕಳಿದ್ದಾರೆ. ಅಪ್ಪಯ್ಯ ಇದ್ದಿದ್ದರೆ ಫೋನನ್ನೇ ಒಲೆಗೆ ಹಾಕುತ್ತಿದ್ದರು.

ಗಿರೀಶ: ಅಜ್ಜ ಗೌರಿಗೆ ಕೊಟ್ಟಿದ್ದು ಭಂಗಿ ಸೊಪ್ಪೇ ಅಲ್ವಾ ದೊಡ್ಡಪ್ಪ? ಹೊಟ್ಟೆ ಉಬ್ಬರಿಸಿ ಕೊಟ್ಟಿಗೆಯಲ್ಲಿ ಮಲಗಿಬಿಟ್ಟಿತ್ತು. ಸೊಪ್ಪನ್ನು ಬೆಲ್ಲದ ಜೊತೆ ಅರೆದು, ನೀರಿಗೆ ಕಲಸಿ, ಬಿದಿರಿನ ಗೊಟ್ಟದಲ್ಲಿ ಕುಡಿಸಿದರು. ನಾನೇ ಲಾಟೀನು ಹಿಡಿದಿದ್ದೆ. ಹೊರಗೆ ಧೋ ಅಂತ ಮಳೆ.

ದೊಡ್ಡಪ್ಪ: ಅದು ಔಷಧಿ.

ವಿದ್ಯಾ: ಗಿಡ ಒಂದೇ ಆದರೂ ಸೊಪ್ಪು ಬೇರೆ, ಗಾಂಜಾ ಬೇರೆ ಗಿರೀಶಣ್ಣ. ಕಾಯ್ದೆಯಲ್ಲಿ ಗಾಂಜಾ ಅಂದರೆ ಹೂ ಬಿಟ್ಟ ಕುಡಿ. ಮತ್ತೆ 'ನಾಟಿ ತಳಿ' ಅಂತ ಸುಮ್ನೆ ಹೇಳಿದರೆ ಆಗಲಿಲ್ಲ. ಭೂಮಧ್ಯರೇಖೆ ಹತ್ತಿರ ವರ್ಷವಿಡೀ ಹಗಲು ಹೆಚ್ಚುಕಡಿಮೆ 12 ಗಂಟೆ. ಅಲ್ಲಿ ತಲೆಮಾರುಗಟ್ಟಲೆ ಬೆಳೆದ ತಳಿಗಳಿಗೆ ಹೂ ಮುಗಿಸುವ ಅವಸರವಿಲ್ಲ. ಆಳೆತ್ತರ ದಾಟುತ್ತವೆ, ಎಲೆ ಸಪೂರ, ಹೂ ಮಾಗಲು 3-4 ತಿಂಗಳು ಬೇಕು. ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ, ಪರಾಗ ಗಾಳಿಯಲ್ಲಿ ಎಷ್ಟೋ ದೂರ ಹೋಗುತ್ತದೆ. ಭತ್ತದ ಹೂವಾದರೆ ಹೆಚ್ಚಾಗಿ ತನ್ನ ಪರಾಗದಲ್ಲೇ ಕಾಳು ಕಟ್ಟುತ್ತದೆ, ಹಳೇ ತಳಿ ಉಳಿಸಿಕೊಳ್ಳುವುದು ಸುಲಭ. ಇದು ಹಾಗಲ್ಲ, ಹೊರಗಿನ ಬೀಜ ಊರಿಗೆ ಬಂತೋ, ಕೆಲವೇ ವರ್ಷದಲ್ಲಿ ಹಳೇ ತಳಿ ಕಲಬೆರಕೆ.

ಶ್ರೀಪಾದ ಚಿಕ್ಕಪ್ಪ: ಉದ್ದ ಇದೆ, ಆಮೇಲೆ ಓದುತ್ತೇನೆ. ನಾನು ಏನು ಕಳಿಸಿದರೂ ನಿನ್ನದು ಇದೇ ಪ್ರಶ್ನೆ. ನಿಮ್ಮಪ್ಪ ಕಳಿಸಿದ್ದಕ್ಕೆ ಒಂದು ದಿನ ಕೇಳಿದ್ದೀಯಾ?

ವಿದ್ಯಾ: ಅಪ್ಪ ಕಳಿಸುವುದು ಬರೀ ಶುಭೋದಯ ಚಿಕ್ಕಪ್ಪ.

ಸಾವಿತ್ರತ್ತೆ: ಗೌರಿ ಹೆಸರು ತೆಗೆದಿರಲ್ಲ, ಕೇಳಿಯೇ ಬಿಡುತ್ತೇನೆ. ಬದುಕಿಕೊಂಡ ದನವನ್ನು ಮಾರಿದ್ದು ಯಾಕೆ ಅಣ್ಣ? ನನಗೊಂದು ಮಾತು ಹೇಳಲಿಲ್ಲ.

ದೊಡ್ಡಪ್ಪ: ಅಪ್ಪಯ್ಯ ಶಿವಮೊಗ್ಗದಲ್ಲಿ ಆಸ್ಪತ್ರೆಯಲ್ಲಿದ್ದರು. ದುಡ್ಡು ಬೇಕಿತ್ತು. ಆಗ ಯಾರು ಬಂದಿದ್ದಿರಿ?

ಶ್ರೀಪಾದ ಚಿಕ್ಕಪ್ಪ: ನನಗೆ ಹೇಳಿದ್ದೇ ಆಮೇಲೆ. ಪಾಲಾಗುವಾಗಲೂ ಹಾಗೇ. ಅಪ್ಪಯ್ಯನ ಗೊಟ್ಟ ಒಂದು ಕೇಳಿದ್ದೆ. ಕಳೆದುಹೋಗಿದೆ ಅಂದಿರಿ.

ಗಿರೀಶ: ಗೊಟ್ಟ ಅಟ್ಟದ ಮೇಲೆ ಇತ್ತಲ್ಲ, ಅಡಿಕೆ ಚೀಲದ ಹಿಂದೆ?

ದೊಡ್ಡಪ್ಪ: 📷

ದೊಡ್ಡಪ್ಪ: ಈಗ ಹತ್ತಿ ನೋಡಿದೆ. ಇದೆ. ತುದಿಯಲ್ಲಿ ಗೌರಿ ಕಚ್ಚಿದ ಗುರುತು ಹಾಗೇ ಇದೆ. ಶ್ರೀಪಾದ, ಭಾನುವಾರ ಬಂದು ತೆಗೆದುಕೊಂಡು ಹೋಗು. ಮೊದಲು ಆ ಫಾರ್ವರ್ಡ್ ಅಳಿಸು.